ಮುನ್ನೂರರ ಎಣ್ಣೆ

“ಆ ಡ್ರಮ್ಮಿಗೆ ಕೈ ಹಚ್ಚಬ್ಯಾಡ್ರಿ ಕಾಕಾ!” ನಂದಾ ಓಡಿಬಂದು ಎಣ್ಣೆಯ ಡ್ರಮ್ಮಿಗೂ ಕಂಪ್ರೆಸರಿಗೂ ನಡುವೆ ನಿಂತುಬಿಟ್ಟಳು. ಕೈಪಂಪು ಹಿಡಿದು ಬಗ್ಗಿದ್ದ ಮಶಾಕಸಾಬನಿಗೆ ಸಿಟ್ಟು ನೆತ್ತಿಗೇರಿತು. ತಿಕೋಟಾದ ಈ ಕೋಲ್ಡ್ ಸ್ಟೋರೇಜಿನ ಯಂತ್ರವನ್ನು ಮೂವತ್ತು ವರ್ಷ ಸಾಕಿದವನು ಅವನು. ಡಿಪ್ಲೊಮಾ ಮುಗಿಸಿ ಕಾಖಂಡಕಿಯಿಂದ ದಿನಾ ಬಸ್ಸಿಗೆ ಬರುವ ಈ ಹುಡುಗಿ ಕೆಲಸಕ್ಕೆ ಸೇರಿ ವರ್ಷವೂ ತುಂಬಿಲ್ಲ.

ಏಪ್ರಿಲ್ ತಿಂಗಳ ಸುಡು ಮಧ್ಯಾಹ್ನ. ಹಳೇ ಎಣ್ಣೆ ಬಸಿದು ಹೊಸದು ತುಂಬಲೆಂದು ಯಂತ್ರ ನಿಲ್ಲಿಸಿ ಎರಡು ತಾಸಾಗಿತ್ತು. ಒಳಗಿನ ಕೋಣೆಗಳಲ್ಲಿ ಸುತ್ತಲ ಊರುಗಳ ಒಣದ್ರಾಕ್ಷಿ, ಸಾವಿರಾರು ಪೆಟ್ಟಿಗೆ. ಗೋಡೆಯ ಮೀಟರು ನಾಲ್ಕು ಡಿಗ್ರಿಯಿಂದ ಏಳಕ್ಕೇರಿತ್ತು. ಹತ್ತು ದಾಟಿದರೆ ಪೆಟ್ಟಿಗೆಗಳು ಬೆವರಿ ಮಾಲು ಅಂಟಾಗುತ್ತದೆ, ಆಮೇಲೆ ಅದನ್ನು ಯಾರೂ ಮೂಸಿ ನೋಡುವುದಿಲ್ಲ.

“ನೀ ತರಿಸಿದ್ದು ಅರವತ್ತೆಂಟನೇ ನಂಬರಿನ ಎಣ್ಣಿ. ನೀರಿನಂಗ ಐತಿ ಅದು. ಈ ಮಷೀನು ಬೇಡೂದು ಮುನ್ನೂರು, ಕಣ್ಣು ಕಾಣಂಗಿಲ್ಲೇನು?” ಅವನು ಯಂತ್ರದ ಹೊಟ್ಟೆಯ ಮೇಲಿನ ಹಿತ್ತಾಳೆ ಪಟ್ಟಿಯನ್ನು ತಟ್ಟಿದ. ಅದು ಇಂಗ್ಲೆಂಡಿನ ಹಳೇ ಯಂತ್ರ. ಪ್ರತಿ ಆಯುಧಪೂಜೆಗೂ ಹಸಿರು ಬಣ್ಣ ಬಳಿದೂ ಬಳಿದೂ ಪಟ್ಟಿಯ ಅಕ್ಷರಗಳೆಲ್ಲ ಮುಚ್ಚಿಹೋಗಿದ್ದವು. ಸೀಮೆಎಣ್ಣೆ ಬಟ್ಟೆಯಿಂದ ಅವನೇ ಒರೆಸಿ ಉಳಿಸಿಕೊಂಡದ್ದು 300 ಎಂಬ ಅಂಕಿಯೊಂದನ್ನೇ. “ಈ ಡ್ರಮ್ಮಿಂದು ನೋಡು, ಮುನ್ನೂರಾ ಇಪ್ಪತ್ತು. ಹೋದ ವರ್ಷದ್ದು, ಅರ್ಧ ಡ್ರಮ್ಮು ಉಳದೈತಿ. ಮುನ್ನೂರಕ್ಕ ಯಾವ್ದು ಸಮೀಪ, ನೀನ ಹೇಳು?”

“ಅಂಕಿ ಸಮೀಪ ಇದ್ರ ಆತೇನ್ರಿ? ಯಾತರ ಮುನ್ನೂರು ಅಂತ ನೋಡೂದು ಬ್ಯಾಡ?”

ಯಾತರ ಮುನ್ನೂರು! ಇಂಥ ಪ್ರಶ್ನೆಯನ್ನು ಅವನಿಗೆ ಯಾರೂ ಕೇಳಿರಲಿಲ್ಲ. ಮೊದಲೆಲ್ಲ ಕಂಪ್ರೆಸರಿನ ಹೆಸರು ಹೇಳಿದರೆ ಸಾಕು, ವಿಜಯಪುರದ ಏಜೆಂಟನೊಬ್ಬ ಎಣ್ಣೆ ತಂದುಕೊಡುತ್ತಿದ್ದ. ಅವನ ಅಂಗಡಿ ಮುಚ್ಚಿದ ಮೇಲೆ ಹೋದ ವರ್ಷವೇ ಮೊದಲ ಸಲ ಮಶಾಕಸಾಬ ತಾನಾಗಿ ನಂಬರು ನೋಡಿ ಆರಿಸಿದ್ದು. “ಹುಷಾರ್ ಬೇ,” ಎಂದ. “ಮಷೀನು ಮತ್ತ ಹಿಡಕೊಂಡ್ರ ನದೀಮನ ಗತಿನ ನಿನಗೂ.” ಹೋದ ವರ್ಷ ಎಣ್ಣೆ ಬದಲಿಸಿದ ವಾರದಲ್ಲೇ ಯಂತ್ರ ಬಿಗಿದು ನಿಂತಿತ್ತು. ಪಾಳಿಯ ಮೇಲಿದ್ದ ನದೀಮ ಎಣ್ಣೆಯ ಪ್ರೆಶರ್ ಏರಲೇ ಇಲ್ಲ ಎಂದು ಬಾಯಿ ಬಡಿದುಕೊಂಡರೂ, ‘ಮಲಗಿರಬೇಕ್ರಿ ಮಗಾ’ ಎಂದು ಮಾಲೀಕರಿಗೆ ಹೇಳಿದವನು ಮಶಾಕಸಾಬನೇ. ಕೆಲಸ ಕಳೆದುಕೊಂಡ ನದೀಮ ಈಗ ವಿಜಯಪುರದ ಜಲನಗರದಲ್ಲಿ ಬಾಡಿಗೆ ಆಟೋ ಓಡಿಸುತ್ತಾನೆ. ಅವನ ಕುರ್ಚಿಯಲ್ಲಿ ನಂದಾ ಕೂಡುತ್ತಾಳೆ.

ನಂದಾ ಸ್ಕ್ರೂಡ್ರೈವರ್ ತಂದು ಪಟ್ಟಿಯ ಬಣ್ಣ ಕೆರೆಯತೊಡಗಿದಳು. 300ರ ಮುಂದೆ ಒಂದೊಂದೇ ಇಂಗ್ಲಿಷ್ ಅಕ್ಷರ ಎದ್ದು ಬಂತು: ಸೆಕೆಂಡ್, ರೆಡ್‌ವುಡ್, ನೂರು ಡಿಗ್ರಿ ಫ್ಯಾರನ್‌ಹೀಟ್.

“ಇದು ಹಳೇ ಇಂಗ್ಲಿಷರ ಅಳತಿರಿ. ಸಣ್ಣ ತೂತಿನಾಗಿಂದ ಎಣ್ಣಿ ಇಳ್ಯಾಕ ಎಷ್ಟು ಸೆಕೆಂಡು ಹಿಡಿತೈತಿ, ಅದು. ಡ್ರಮ್ಮಿನ ಮ್ಯಾಲಿಂದು ಈಗಿನ ಅಳತಿ, ಸೆಂಟಿಸ್ಟೋಕ್ಸ್. ಈ ಸೆಕೆಂಡನ್ನ ನಾಕರಿಂದ ಭಾಗಿಸಿದ್ರ ಹೆಚ್ಚುಕಡಿಮಿ ಅದು ಬರತೈತಿ. ಮುನ್ನೂರು ಅಂದ್ರ ಎಪ್ಪತ್ತೈದು. ಡ್ರಮ್ಮಿಂದು ಇನ್ನೂ ಎರಡು ಡಿಗ್ರಿ ಬಿಸಿಗೆ ಅಳದದ್ದು, ಅದಕ್ಕ ಅರವತ್ತೆಂಟು ಅಂತ ಐತಿ. ಎರಡೂ ಒಂದ ಎಣ್ಣಿರಿ! ನಿಮ್ಮದು ನಾಕು ಪಟ್ಟು ಮಂದ, ಪಂಪು ಎಳ್ಯಾಂಗಿಲ್ಲ.”

“ನಿನ್ನ ಪುಸ್ತಕದ ಮಾತು ಮನ್ಯಾಗ ಇಟ್ಟು ಬಾ. ಮೂವತ್ತು ವರ್ಷ ಬೆರಳಿಲೆ ಎಣ್ಣಿ ನೋಡೇನಿ ನಾನು.”

“ಪುಸ್ತಕ ಬ್ಯಾಡ. ನೀವ ಎಣಸ್ರಿ.” ಅವಳು ಲಾಳಿಕೆ ತಂದು ಅದರ ಕೆಳಬಾಯಿಗೆ ಬೆರಳು ಒತ್ತಿ ಹಿಡಿದಳು. ಮೊದಲು ಈಗಷ್ಟೇ ಬಸಿದ ಹಳೇ ಎಣ್ಣೆ. ಹೋದ ವರ್ಷ ಯಂತ್ರ ಬಿಗಿದಾಗ ಬಂದ ಪುಣೆಯ ರಿಪೇರಿಯವರು ತುಂಬಿಹೋಗಿದ್ದು, ವರ್ಷವಿಡೀ ಯಂತ್ರ ತಕರಾರಿಲ್ಲದೆ ಓಡಿದ್ದು ಅದರ ಮೇಲೆಯೇ. ಬೆರಳು ತೆಗೆದಳು. ನಮಾಜಿನ ನಂತರ ದೇವರ ನಾಮ ಎಣಿಸುವಂತೆ ಮಶಾಕಸಾಬ ಬೆರಳ ಗೆಣ್ಣಿನ ಮೇಲೆ ಎಣಿಸಿದ. ನಲವತ್ತೊಂದಕ್ಕೆ ಲಾಳಿಕೆ ಬರಿದಾಯಿತು. ಅರವತ್ತೆಂಟರ ಹೊಸ ಎಣ್ಣೆ ನಲವತ್ತನಾಲ್ಕಕ್ಕೆ ಇಳಿಯಿತು. ಆಮೇಲೆ ಅವನ ಮುನ್ನೂರಾ ಇಪ್ಪತ್ತು.

ಎಂಬತ್ತು ಎಂದ. ತೊಂಬತ್ತು ಎಂದ. ನೂರಕ್ಕೆ ಎಣಿಸುವುದನ್ನೇ ಬಿಟ್ಟ. ಲಾಳಿಕೆಯಲ್ಲಿ ಅರ್ಧದ ಹತ್ತಿರ ಹಾಗೇ ಕೂತಿತ್ತು, ಕೆಳಗೆ ಸಣ್ಣದೊಂದು ಎಳೆ ಜಗ್ಗುತ್ತಿತ್ತು. ಗೋಡೆಯ ಮೀಟರು ಒಂಬತ್ತು ತೋರಿಸಿತು.

“ಹಾಕು ಬೇ! ಲಗೂನ ಅರವತ್ತೆಂಟನ್ನ ಹಾಕು!”

ಇಬ್ಬರೂ ಸೇರಿ ತುಂಬಿದರು. ಅವನು ಗುಂಡಿ ಒತ್ತಿದ. ಪ್ರೆಶರಿನ ಮುಳ್ಳು ಒಮ್ಮೆ ನಡುಗಿ, ಸರಸರನೆ ಮೇಲೇರಿ ನಿಂತಿತು. ಯಂತ್ರ ತನ್ನ ಹಳೇ ರಾಗ ಹಿಡಿಯಿತು. “ಬದುಕಿದ್ವಿ ಕಾಕಾ!” ಎಂದು ನಕ್ಕ ನಂದಾ ಕೈ ತೊಳೆಯಲು ಹೋದಳು.

ಮಶಾಕಸಾಬನಿಗೆ ನಗು ಬರಲಿಲ್ಲ. ಅವನು ಆ ಅರ್ಧ ಡ್ರಮ್ಮನ್ನೇ ನೋಡುತ್ತ ನಿಂತ. ಇನ್ನರ್ಧವನ್ನು ಹೋದ ವರ್ಷ ಇದೇ ಯಂತ್ರಕ್ಕೆ ಇದೇ ಕೈಯಿಂದ ಸುರಿದಿದ್ದ. ‘ಮುಳ್ಳು ಏರವಲ್ದು ಚಾಚಾ, ಖುದಾನ ಆಣಿ’ ಎಂದು ಅತ್ತಿದ್ದ ಹುಡುಗನ ಮುಖ ಕಣ್ಣಿಗೆ ಬಂತು. ಯಾ ಅಲ್ಲಾ, ಎಂಥ ಪಾಪ ಕಟ್ಟಿಕೊಂಡೆ ಎಂದುಕೊಂಡ. ಇದು ನಂದಾಗೆ ಹೊಳೆದಿರಲಿಲ್ಲ. ಅವನು ಬಾಯಿ ಬಿಡದಿದ್ದರೆ ಯಾರಿಗೂ ಗೊತ್ತಾಗುವಂತಿರಲಿಲ್ಲ.

ಕಿಸೆಯಲ್ಲಿ ಫೋನು ಬಡಿದುಕೊಂಡಿತು. ಮಾಲೀಕ ಬಸಗೊಂಡಪ್ಪ ಸಾವ್ಕಾರ.

“ಏನ್ ಮಶಾಕಸಾಬ, ಮಷೀನು ಚಾಲೂ ಆತಿಲ್ಲೋ? ಈ ಸಲ ಏನೂ ಘಾತ ಆಗಿಲ್ಲಲ್ಲ?”

“ಈ ಸಲ ಏನೂ ಆಗಿಲ್ರಿ ಸಾವ್ಕಾರ್ರ,” ಎಂದ ಮಶಾಕಸಾಬ. “ಹೋದ ಸಲದ್ದ ಹೇಳೂದೈತಿ.”