ಕೈದಿಯ ಬೆನ್ನು

“ಆಗಲ್ಲ ಅನ್ಬೇಡಿ ಸಾಬ್ರೇ. ಹೆಣ ಬೆಳಿಗ್ಗೆಯಿಂದ ಹಂಗೇ ಬಿದ್ದಿದೆ” ಎಂದು ಸಿದ್ರಾಮಪ್ಪ ತಾಜುದ್ದೀನನ ಮನೆ ಬಾಗಿಲಲ್ಲೇ ಕೈಮುಗಿದ. ಹೆಬ್ಬಾಳದಾಚೆ ತಗಡಿನ ಶೆಡ್ಡುಗಳಲ್ಲಿ ಎಪ್ಪತ್ತೊಂದರ ಯುದ್ಧಕ್ಕೆಂದೇ ತೆರೆದ ಆಸ್ಪತ್ರೆಯ ವಾರ್ಡ್‌ಬಾಯ್ ಅವನು. ಸತ್ತವನು ಸೆರೆಸಿಕ್ಕ ಪಾಕಿಸ್ತಾನಿ ಸಿಪಾಯಿ. ಅವರವರ ಧರ್ಮದಂತೆಯೇ ಮಣ್ಣು ಮಾಡಬೇಕೆಂದು ಸರ್ಕಾರದ ಕಟ್ಟಪ್ಪಣೆ. ಹೆಣಕ್ಕೆ ಕೊನೆಯ ಸ್ನಾನ ಮಾಡಿಸುವವನು ಯಶವಂತಪುರದಲ್ಲಿ ತಾಜುದ್ದೀನ್ ಒಬ್ಬನೇ.

ತಾಜುದ್ದೀನ್ ಮುಖ ತಿರುಗಿಸಿದ. ನಮ್ಮ ಸೇನೆಯಲ್ಲಿದ್ದ ಅವನ ಮಗ ಗಯಾಸ್ ಗಾಯಗೊಂಡು ಆ ಕಡೆಯವರ ಕೈಗೆ ಸಿಕ್ಕಿ, ಅಲ್ಲಿನ ಆಸ್ಪತ್ರೆಯಲ್ಲೇ ತೀರಿಕೊಂಡು ಎರಡು ತಿಂಗಳಾಗಿತ್ತು. ಮನೆಗೆ ಬಂದದ್ದು ಒಂದು ತಂತಿ ಮಾತ್ರ.

ಒಳಗಿನಿಂದ ಹೆಂಡತಿ ಸಬೀರಾ ಬಂದಳು. “ಹೋಗಿ ಬನ್ರೀ. ಇವರು ಆ ಹುಡುಗನ್ನ ಹೆಂಗೆ ನೋಡ್ಕೊಂಡಿದ್ರೋ, ಅವರೂ ನಮ್ಮೋನ್ನ ಹಂಗೇ ನೋಡ್ಕೊಂಡಿರ್ತಾರೆ. ನೋಡ್ಕೊಂಡು ಬಂದು ನಂಗೆ ಹೇಳಿ.”

ಆಸ್ಪತ್ರೆಯ ಹಲಗೆಯ ಮೇಲೆ ಮಲಗಿಸಿದ್ದ ಹುಡುಗನಿಗೆ ಇಪ್ಪತ್ತು ದಾಟಿದಂತಿರಲಿಲ್ಲ. ತೊಡೆಯ ಗುಂಡಿನ ಗಾಯಕ್ಕೆ ಡಾಕ್ಟರು ಹಾಕಿದ ಹೊಲಿಗೆ ಅಚ್ಚುಕಟ್ಟಾಗಿತ್ತು, ಒಣಗಿಯೂ ಇತ್ತು. ತಾಜುದ್ದೀನನ ಎದೆ ಹಗುರಾಯಿತು. ಪದ್ಧತಿಯಂತೆ ಮಗ್ಗುಲಿಗೆ ಹೊರಳಿಸಿ ನೀರು ಹಾಕಲು ಹೋದವನ ಚೊಂಬು ಕೈಯಲ್ಲೇ ನಿಂತಿತು. ಬೆನ್ನಿನ ಬುಡದಲ್ಲಿ ಅಂಗೈಯಗಲ ಹುಣ್ಣು. ಒಳಗೆ ಮೂಳೆ ಕಾಣುತ್ತಿತ್ತು.

“ಇದೇನಪ್ಪಾ ಇದು?”

ಸಿದ್ರಾಮಪ್ಪ ನೆಲ ನೋಡಿದ. “ಯಾರೂ ಹೊಡೀಲಿಲ್ಲ ಸಾಬ್ರೇ, ನನ್ನ ಮಕ್ಕಳಾಣೆ. ಹೊತ್ತೊತ್ತಿಗೆ ಊಟ, ಮಾತ್ರೆ ಎಲ್ಲಾ ಕೊಟ್ವಿ. ತೊಡೆ ಮೂಳೆ ಮುರಿದು ಅವನಾಗೇ ಹೊರಳೋಕೆ ಆಗ್ತಿರ್ಲಿಲ್ಲ, ನಾವೇ ಮಗ್ಗುಲು ಬದಲಾಯಿಸ್ತಾ ಇರ್ಬೇಕಿತ್ತು. ಶತ್ರು ಮೈ ಅಂತ ಯಾರೂ ಮುಟ್ಲಿಲ್ಲ. ನಾನೂ ಮುಟ್ಲಿಲ್ಲ.”

ಹೊಡೆಯದಿದ್ದರೆ ಸಾಕು, ಮನುಷ್ಯರಾದೆವು ಎಂದುಕೊಂಡಿದ್ದರು ಪಾಪ! ಗುಂಡೇಟಿಗೆ ಸಾಯದ ಹುಡುಗ ಹಾಸಿಗೆಹುಣ್ಣಿಗೆ ಸತ್ತಿದ್ದ. ತಾಜುದ್ದೀನ್ ಆ ಹುಣ್ಣನ್ನು ಹಸುಗೂಸಿನ ನೆತ್ತಿ ತೊಳೆಯುವಂತೆ ತೊಳೆದ. ಹೆಣದ ಮೈಮೇಲೆ ಕಂಡದ್ದನ್ನು ಹೊರಗೆ ಆಡಬಾರದೆಂಬುದು ಈ ಕೆಲಸದ ಕಟ್ಟಳೆ. ಮೂವತ್ತು ವರ್ಷಗಳಲ್ಲಿ ಅದು ಅವನಿಗೆ ಒಮ್ಮೆಯೂ ಭಾರವೆನಿಸಿರಲಿಲ್ಲ.

ಸಬೀರಾ ಹೊಸ್ತಿಲಲ್ಲೇ ಕಾದಿದ್ದಳು. “ಹೆಂಗೆ ನೋಡ್ಕೊಂಡಿದ್ರು?”

“ಚೆನ್ನಾಗೇ ನೋಡ್ಕೊಂಡಿದ್ರು. ಹೊಲಿಗೆ ಅಂದ್ರೆ ಹೊಲಿಗೆ.”

“ಹಂಗಾದ್ರೆ ನಮ್ಮ ಗಯಾಸನ್ನೂ ಹಿಂಗೇ ನೋಡ್ಕೊಂಡಿರ್ತಾರೆ, ಅಲ್ವೇನ್ರೀ?”

ತಾಜುದ್ದೀನ್ ಚಪ್ಪಲಿ ಬಿಟ್ಟು ಒಳಗೆ ಬಂದ. “ಹೂಂ. ಹಿಂಗೇ.”

ಎರಡು ತಿಂಗಳಲ್ಲಿ ಮೊದಲ ಸಲ ಸಬೀರಾ ತಟ್ಟೆ ಇಟ್ಟುಕೊಂಡು ಹೊಟ್ಟೆ ತುಂಬ ಉಂಡಳು. ತಾಜುದ್ದೀನ್ ಎದುರಿಗೆ ಕೂತು, ಅವಳು ಉಣ್ಣುವುದನ್ನೇ ನೋಡುತ್ತಿದ್ದ.