ತೊಳೆದ ದನಿ

"ಬಂಗಾರಾ..." ಎಂದು ತಾಯಿ ಬಾಯಿ ತೆರೆದದ್ದೇ ತಡ, ತೊಟ್ಟಿಲಲ್ಲಿದ್ದ ಮಗು ಬೆಚ್ಚಿಬಿದ್ದು ಕಿಟಾರನೆ ಕಿರುಚಿತು. ಆಸ್ಪತ್ರೆಯಿಂದ ಮನೆಗೆ ಕರೆತಂದ ಮೊದಲ ಬೆಳಗ್ಗೆ ಅದು. ಕೈಕಾಲು ಸೆಟೆದು, ಮುಖ ಕೆಂಪಾಗಿ, ಉಸಿರು ಕಟ್ಟುವ ಹಾಗೆ ಅಳು.

"ನೀನು ಸ್ವಲ್ಪ ಸುಮ್ಮನಿರೇ," ಎನ್ನುತ್ತ ಅಜ್ಜಿ ಅಡುಗೆಮನೆಯಿಂದ ಓಡಿಬಂದು ತೊಟ್ಟಿಲ ಪಕ್ಕದ ಬಿಳಿ ಡಬ್ಬಿಯ ಗುಂಡಿ ಒತ್ತಿದಳು. ಸಾಬೂನಿನ ಬಿಲ್ಲೆಯಷ್ಟು ದೊಡ್ಡ ಸ್ಪೀಕರ್ ಅದು. ಒಂದು ಹೆಣ್ಣುದನಿ ಪದಗಳಿಲ್ಲದೆ ಗುನುಗತೊಡಗಿತು. ಮಗು ಅಳು ನುಂಗಿ, ಕತ್ತು ಹೊರಳಿಸಿ, ಡಬ್ಬಿಯತ್ತ ಕಣ್ಣರಳಿಸಿತು.

"ಹೆತ್ತಿಲ್ಲ, ಹೊತ್ತಿಲ್ಲ. ಆದ್ರೂ ಇದರ ಮಾತು ಹೇಗೆ ಕೇಳತ್ತೆ ನೋಡು!" ಅಜ್ಜಿ ನಕ್ಕಳು. ಮಗಳು ನಗಲಿಲ್ಲ.

ಆ ದನಿ ಅವಳದೇ. ಕೂಸು ಹನ್ನೊಂದು ವಾರ ಮೊದಲೇ ಹುಟ್ಟಿ ಗಾಜಿನ ಪೆಟ್ಟಿಗೆ ಸೇರಿದಾಗ ಅವಳ ಎದೆಯಲ್ಲಿ ಸೋಂಕಿತ್ತು. ಐವತ್ತು ದಿನ ಆ ಕೋಣೆಯ ಬಾಗಿಲು ದಾಟುವಂತಿರಲಿಲ್ಲ. "ಹತ್ತು ನಿಮಿಷ ಏನಾದ್ರೂ ಗುನುಗಿ ಕೊಡಿ ಅಕ್ಕ, ಉಳಿದದ್ದು ಕಂಪ್ಯೂಟರ್ ನೋಡ್ಕೊಳ್ಳತ್ತೆ," ಎಂದಿದ್ದಳು ನರ್ಸ್. ಹದಿನಾಲ್ಕು ವರ್ಷ ಬಸ್ಸಿನಲ್ಲಿ 'ಮುಂದೆ ಹೋಗಿ, ಮುಂದೆ ಹೋಗಿ' ಎಂದು ಕೂಗಿ ಕೂಗಿ ಒಡೆದುಹೋದ ಕಂಡಕ್ಟರ್ ಗಂಟಲು ಅವಳದು. ನಾಚುತ್ತಲೇ ಗುನುಗಿ ಕೊಟ್ಟಿದ್ದಳು. ಕಂಪ್ಯೂಟರ್ ಮಗುವಿನ ಎದೆಬಡಿತ ಕೇಳಿಸಿಕೊಂಡು, ಅದಕ್ಕೆ ಹೊಂದುವ ಹೊಸ ಹೊಸ ರಾಗ ಕಟ್ಟಿ, ಅವಳ ದನಿಯಲ್ಲಿ ಹಾಡುತ್ತಲೇ ಇತ್ತು. ಮಗುವಿನ ತೂಕ ಏರಿತು. ಮಗು ಉಳಿಯಿತು. ಮನೆಗೆ ಹೊರಟಾಗ ನರ್ಸ್ ಡಬ್ಬಿಯನ್ನೂ, ಎದೆಬಡಿತ ಅಳೆಯಲು ಮಗುವಿನ ಕಾಲಿಗೆ ಕಟ್ಟುವ ಪಟ್ಟಿಯನ್ನೂ ಕೊಟ್ಟು ಕಳಿಸಿದ್ದಳು.

ಅಂದು ಮಧ್ಯಾಹ್ನವೇ ಅವಳು ನರ್ಸ್‌ಗೆ ಫೋನ್ ಮಾಡಿದಳು. "ನಾನು ಮಾತಾಡಿದ್ರೆ ಮಗು ಹೆದರ್ಕೊಳ್ಳತ್ತೆ ಸಿಸ್ಟರ್."

"ಅದೂ ನಿಮ್ಮ ದನೀನೇ ಅಲ್ವಾ ಅಕ್ಕ? ಕರಕರ ಅನ್ನೋದೆಲ್ಲ ತೆಗೆದು, ತೊಳೆದು ಕೊಟ್ಟಿದೆ, ಅಷ್ಟೆ."

"ಹಾಗಾದ್ರೆ ನಾನು ತೊಳೆದುಹಾಕಿದ ಕೊಳೆನಾ?"

"ಡಬ್ಬಿ ಒಂದೇ ಸಲ ನಿಲ್ಲಿಸ್ಬೇಡಿ. ಮೆಲ್ಲಗೆ ಅಭ್ಯಾಸ ಆಗತ್ತೆ," ಎಂದಳು ನರ್ಸ್.

ಅಭ್ಯಾಸವಾಗಲಿಲ್ಲ. ಮೂರು ದಿನ ಅವಳು ತೊಟ್ಟಿಲ ಪಕ್ಕ ಬಾಯಿ ಮುಚ್ಚಿಕೊಂಡು ಕೂತು ತನ್ನ ದನಿ ಕೇಳಿದಳು. ತಾನೆಂದೂ ಹಾಡಿರದ ತಿರುವುಗಳು. ನಡುನಡುವೆ ಉಸಿರೆಳೆದುಕೊಳ್ಳುವ ಸದ್ದು ಮಾತ್ರ ಥೇಟ್ ತನ್ನದೇ. ಮಗು ತುಟಿ ಚಪ್ಪರಿಸುವ ಮೊದಲೇ ಡಬ್ಬಿಯ ರಾಗ ಬದಲಾಗುತ್ತಿತ್ತು. ಹಸಿವೆಂದು ಇವಳಿಗೆ ಹೊಳೆಯುವಷ್ಟರಲ್ಲಿ ಅದು ಸಮಾಧಾನ ಹೇಳಿ ಮುಗಿಸಿರುತ್ತಿತ್ತು.

ನಾಲ್ಕನೆಯ ದಿನ ಅಜ್ಜಿ ಬಟ್ಟೆ ಒಣಹಾಕಲು ಮಹಡಿಗೆ ಹೋದ ಹೊತ್ತು ನೋಡಿ ಅವಳು ಡಬ್ಬಿ ಆರಿಸಿದಳು. ಮಗುವನ್ನೆತ್ತಿಕೊಂಡು ಗುನುಗಿದಳು. ಮಗು ಚೀರಿತು. ಅವಳು ಬಿಡಲಿಲ್ಲ. "ನಾನು ಕಣೋ... ನಾನೇ... ಇಲ್ಲಿ ನೋಡೋ!" ದನಿ ಏರಿದಷ್ಟೂ ಮಗು ಅವಳ ಕೈಯಿಂದ ಹಿಂದಕ್ಕೆ ಬಾಗಿತು. ಅತ್ತೂ ಅತ್ತೂ ಅಳು ಸದ್ದಿಲ್ಲದಾಯಿತು. ತೆರೆದ ಬಾಯಿ ಹಾಗೇ ನಿಂತು ತುಟಿ ನೀಲಿಗಟ್ಟಿತು. ಅವಳು ಹೌಹಾರಿ ಡಬ್ಬಿಗೆ ಕೈಚಾಚಿದಳು.

ಹಾಡು ಶುರುವಾಯಿತು. ಮಗು ಉಸಿರೆಳೆದುಕೊಂಡಿತು. ಕಣ್ಣು ಡಬ್ಬಿಯನ್ನು ಹುಡುಕಿತು. ಅವಳು ಮುಖ ಅಡ್ಡ ಹಿಡಿದರೆ, ದಾರಿಯಲ್ಲಿ ಕಂಬ ಅಡ್ಡ ಬಂದವರ ಹಾಗೆ ಅದು ಆಚೆ ಬಾಗಿ ನೋಡಿತು.

ಆಮೇಲೆ ಅವಳು, ಹಾಡುತ್ತಲೇ ಇದ್ದ ಡಬ್ಬಿಯನ್ನು ತನ್ನ ಅಂಗಿಯೊಳಗೆ, ಎದೆಗೆ ಒತ್ತಿ ಇಟ್ಟುಕೊಂಡಳು. ಮಗುವನ್ನು ಮುಖದ ಹತ್ತಿರ ತಂದು, ಸದ್ದಿಲ್ಲದೆ, ಹಾಡಿಗೆ ಸರಿಯಾಗಿ ತುಟಿ ಆಡಿಸತೊಡಗಿದಳು. ಮಗುವಿನ ಕಣ್ಣು ಮೊದಲ ಬಾರಿಗೆ ಅವಳ ಮೇಲೆ ನಿಂತಿತು. ಪುಟ್ಟ ಕೈ ಅವಳ ಗದ್ದಕ್ಕೆ ತಾಗಿ ಅಲ್ಲೇ ಉಳಿಯಿತು.

"ಅಬ್ಬಾ, ಅಂತೂ ನಿನ್ನ ಕೈಲಿ ಸುಮ್ಮನಾಯ್ತಲ್ಲ!" ಖಾಲಿ ಬುಟ್ಟಿ ಹಿಡಿದ ಅಜ್ಜಿ ಬಾಗಿಲಲ್ಲೇ ನಿಂತಿದ್ದಳು. "ಗಂಟಲೂ ಎಷ್ಟು ಚೆನ್ನಾಗಿ ಆಗಿದೆಯೇ! ಯಾವಾಗ ಕಲಿತೆ ಇದನ್ನ?"

ಅವಳು ಉತ್ತರ ಕೊಡಲಿಲ್ಲ. ಕೊಟ್ಟಿದ್ದರೆ ಮಗುವಿಗೆ ಅವಳ ದನಿ ಕೇಳಿಸಿಬಿಡುತ್ತಿತ್ತು.