ಖಾಲಿ ವಿಮಾನ

"ಒಂದೇ ಬೂಟು ಸಿಕ್ಕಿದ್ದು, ಚೌಡಪ್ಪ. ಒಳಗೇ ಸತ್ತಿದ್ದರೆ ಎರಡೂ ಸಿಗಬೇಕಿತ್ತು. ಹಾರಿಕೊಂಡವನ ಕಾಲಿಂದ ಮಾತ್ರ ಒಂದು ಕಳಚಿಕೊಳ್ಳೋದು" ಎನ್ನುತ್ತ ವೆಂಕಟೇಶಯ್ಯ ಬೆಟ್ಟದ ಬುಡದಲ್ಲಿದ್ದ ಚೌಡಪ್ಪನ ಮನೆಯ ಜಗಲಿಯ ಮೇಲೆ ಫೈಲು ಬಿಚ್ಚಿದರು. ತುಮಕೂರಿನ ಕೋರ್ಟಿನಲ್ಲಿ ಮೂವತ್ತು ವರ್ಷ ಸಾಕ್ಷಿಗಳ ಹೇಳಿಕೆ ಬರೆದುಕೊಂಡು ನಿವೃತ್ತರಾದವರು. ಸಾವಿರದ ಒಂಬೈನೂರ ಎಪ್ಪತ್ತೆಂಟರಲ್ಲಿ, ಅಂದರೆ ಐದು ವರ್ಷದ ಹಿಂದೆ, ಅವರ ಮಗ ಒಬ್ಬನೇ ಹಾರಿಸುತ್ತಿದ್ದ ತರಬೇತಿ ವಿಮಾನ ಹುತ್ರಿದುರ್ಗದ ಬಂಡೆಗೆ ಬಡಿದಿತ್ತು. ರೆಕ್ಕೆ ಸಿಕ್ಕಿತು, ಬೂಟು ಸಿಕ್ಕಿತು, ಮಗ ಸಿಗಲಿಲ್ಲ. 'ವಿಮಾನದಲ್ಲಿ ಯಾರೂ ಇರಲಿಲ್ಲ' ಎಂಬ ಪೊಲೀಸ್ ಮಹಜರಿಗೆ ಹೆಬ್ಬೆಟ್ಟು ಒತ್ತಿದ ಐದು ಜನರಲ್ಲಿ ಚೌಡಪ್ಪನೂ ಒಬ್ಬ.

"ಪೊಲೀಸ್ನೋರೂ ಈ ಬೆಟ್ಟಾನ ಇಷ್ಟು ಸಲ ಹತ್ತಿಲ್ಲ ಬುಡಿ ಸ್ವಾಮಿ" ಎಂದು ಚೌಡಪ್ಪ ನಗಲು ನೋಡಿದ.

ವೆಂಕಟೇಶಯ್ಯ ನಗಲಿಲ್ಲ. ವಿಮಾನ ಬಿದ್ದ ಮಾರನೆಯ ದಿನ ಮಾರ್ಕೋನಹಳ್ಳಿ ಅಣೆಕಟ್ಟೆಯ ಹತ್ತಿರ ಕುಂಟುತ್ತ ಹೋದ ಯುವಕನನ್ನು ಕಂಡವರಿದ್ದರು. ಇದು ಪರದೇಶದವರ ಕೆಲಸ, ವಿಮಾನ ಬೀಳಿಸಿ ಹುಡುಗನನ್ನು ಎತ್ತಿಕೊಂಡು ಹೋದರು ಎಂದು ಕುಣಿಗಲ್ ಬಸ್ ಸ್ಟ್ಯಾಂಡಿನಲ್ಲಿ ಆಣೆಯಿಟ್ಟು ಹೇಳಿದವರಿದ್ದರು. ಎಲ್ಲವೂ ತಾರೀಖು ಸಮೇತ ಫೈಲಿನಲ್ಲಿತ್ತು. "ಈಗ ಹೃಷಿಕೇಶದಿಂದ ಕಾಗದ ಬಂದಿದೆ. ಮಾತೇ ಆಡದ ಒಬ್ಬ ಸಾಧು ಇದ್ದಾನಂತೆ, ನಮ್ಮ ಕಡೆಯವನ ಹಾಗೇ ಕಾಣ್ತಾನಂತೆ. ನಾಳೆ ಹೊರಟೆ. ಅವನು ಸಿಗೋವರೆಗೂ ವಾಪಸ್ಸು ಬರಲ್ಲ ಅಂತ ಮನೇಲೂ ಹೇಳಿಬಿಟ್ಟಿದ್ದೀನಿ."

ಚೌಡಪ್ಪ ನೀರು ತರುವ ನೆಪದಲ್ಲಿ ಒಳಗೆ ಹೋದ. ಹೆಂಡತಿ ಸಿದ್ದಲಕ್ಷ್ಮಮ್ಮ ಬಾಗಿಲ ಹಿಂದೆಯೇ ನಿಂತಿದ್ದಳು.

"ಯೋಳ್ಬುಡಯ್ಯ. ಈ ವಯಸ್ನಲ್ಲಿ ಆ ಚಳೀಲಿ ಅಲೆದ್ರೆ ಉಳೀತಾರಾ?"

"ಮೆತ್ಗೆ ಮಾತಾಡು. ಜೈಲಿಗೋಗೋನು ನಾನು."

"ಹೋಗು. ಬುತ್ತಿ ತಂದ್ಕೊಡ್ತೀನಿ."

ಚೌಡಪ್ಪ ಚೊಂಬು ತಂದಿಟ್ಟು ಜಗಲಿಯ ಕೆಳಗೆ ನೆಲದ ಮೇಲೆ ಕುಳಿತ. ತಲೆ ಎತ್ತಲಿಲ್ಲ. "ನಿಮ್ಮ ಮಗ ಒಳಗೇ ಇದ್ರು ಸ್ವಾಮಿ. ಬೀಳ್ತಿದ್ದಂಗೇ ಜೀವ ಹೋಗಿತ್ತು. ಅವತ್ತು ಹಳ್ಳ ಬಂದು ರಸ್ತೆ ಕಿತ್ಕೊಂಡೋಗಿತ್ತು, ಸಂಜೆಯಾದ್ರೂ ಪೊಲೀಸ್ನೋರು ಬರ್ಲಿಲ್ಲ. ಊರಲ್ಲಿ ಹೆಣ ಇದ್ರೆ ಒಲೆ ಹಚ್ಚಂಗಿಲ್ಲ. ಮಕ್ಕಳು ಹಸ್ಕೊಂಡು ಅಳ್ತಿದ್ವು. ಅನಾಥನಂಗೆ ಬಂಡೆ ಮೇಲೆ ಬುಡೋಕೂ ಮನಸು ಬರ್ಲಿಲ್ಲ. ಸ್ನಾನ ಮಾಡ್ಸಿ, ಹೊಸ ಪಂಚೆ ಹೊದ್ಸಿ ಸುಟ್ವಿ. ಕೊಳ್ಳಿ ಇಟ್ಟೋನು ನಾನು. ಮಾರ್ನೆ ದಿನ ಬಂದ ಪೊಲೀಸಪ್ಪ, ಏನಾದ್ರೂ ಮುಟ್ಟಿದ್ರೆ ಊರಿಗೆ ಊರನ್ನೇ ಒಳಗೆ ಹಾಕ್ತೀನಿ ಅಂದ. ಯಾರೂ ಇರ್ಲಿಲ್ಲ ಅಂದ್ಬುಟ್ವಿ."

ವೆಂಕಟೇಶಯ್ಯ ಪೆನ್ನಿನ ಮುಚ್ಚಳ ತೆಗೆದರು. "ಬೂಟು?"

"ಒಂದು ಬಂಡೆ ಹತ್ರಾನೇ ಬಿಚ್ಚಿ ಬುಟ್ಟಿದ್ವಿ, ಇನ್ನೊಂದು ಬಿಚ್ಚೋಕೆ ಆಗ್ಲಿಲ್ಲ. ಕಾಲು ನಜ್ಜುಗುಜ್ಜಾಗಿತ್ತು. ಹಂಗೇ ಚಿತೆಗೆ ಇಟ್ವಿ." ಚೌಡಪ್ಪ ಸೊಂಟದಿಂದ ಬಟ್ಟೆಯ ಗಂಟು ಬಿಚ್ಚಿ ಕೈಗಡಿಯಾರ ತೆಗೆದಿಟ್ಟ.

ವೆಂಕಟೇಶಯ್ಯ ಅದನ್ನು ತಿರುವಿ ನೋಡಿದರು. ಅದು ಮಗನಿಗೆ ಅವರೇ ಕೊಡಿಸಿದ್ದು. "ಹಾರುವಾಗ ಕಳಚಿ ಬಿದ್ದಿರುತ್ತೆ."

"ಎದೆ ಮೇಲೆ ಜನಿವಾರ ಇತ್ತು ಸ್ವಾಮಿ."

"ಜನಿವಾರ ಹಾಕಿದವನು ನನ್ನ ಮಗ ಒಬ್ಬನೇನಾ?" ಅವರ ದನಿ ಏರಿತು. "ಅವತ್ತು ಹೆಬ್ಬೆಟ್ಟು ಒತ್ತಿ ಒಂದು ಹೇಳಿದೆ, ಇವತ್ತು ಇನ್ನೊಂದು ಹೇಳ್ತೀಯ. ಯಾವುದನ್ನ ನಂಬಲಿ? ಯಾರು ಹೇಳಿಕೊಟ್ಟರು ನಿಂಗೆ?"

ಸಿದ್ದಲಕ್ಷ್ಮಮ್ಮ ಸೆರಗು ಹೊದ್ದು ಹೊಸಿಲಿಗೆ ಬಂದಳು.

"ಸಾಕ್ಷಿ ಗೀಕ್ಷಿ ನಮಗೆ ತಿಳೀದು ಸ್ವಾಮಿ. ಕೊಳ್ಳಿ ಇಟ್ಟ ಮೇಲೆ ಅವರು ನಮ್ಮನೇವ್ರೇ ಅಲ್ವಾ? ಮಾರ್ನೋಮಿ ಅಮಾಸೆಗೆ ನಮ್ಮ ಹಿರೀಕರ ಜೊತೆ ಅವರಿಗೂ ಒಂದು ಎಲೆ ಹಾಕ್ತೀವಿ. ಜನಿವಾರ ಇದ್ದೋರು ಅಂತ ನಮ್ಮ ಕೋಳಿ ಕುರಿ ಒಲೆಗೆ ಏರೋಕೆ ಮುಂಚೇನೇ ಬೇರೆ ಗಡಿಗೇಲಿ ಅನ್ನ, ಸಾರು ಮಾಡಿ ಎಡೆ ಇಡ್ತೀನಿ. ಐದು ವರ್ಷ ಆಯ್ತು. ಅವರಿಗೆ ಏನು ಸೇರ್ತದೋ, ಏನು ಸೇರಲ್ವೋ, ಯಾರನ್ನ ಕೇಳಾನ?"

ವೆಂಕಟೇಶಯ್ಯ ಪೆನ್ನಿಗೆ ಮುಚ್ಚಳ ಹಾಕಿದರು. ಬಿಳಿಯ ಹಾಳೆಯ ಮೇಲೆ ಬರೆದದ್ದು ತಾರೀಖು ಒಂದೇ. ಎದುರು ಮನೆಯ ಮುಂದೆ ಯಾರೋ ರಾಗಿ ಕೇರುತ್ತಿದ್ದರು. ಆ ಮೊರದ ಸದ್ದು ನಿಂತು, ಮತ್ತೆ ಶುರುವಾಯಿತು.

"ಸಾರಿಗೆ ಖಾರ ಸ್ವಲ್ಪ ಕಮ್ಮಿ ಹಾಕಮ್ಮ," ಎಂದರು. "ಅವನಿಗೆ ಆಗೋಲ್ಲ."